ಗೊಂಬೆ ಮದುವೆಗೆ ಎರಡು ಮನೆ ಬೇಕು



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಎರಡು ಮಕ್ಕಳ ತಾಯಿ, ಕಳೆದ ತಿಂಗಳು ಒಂದು ಪ್ರಶ್ನೆ ಕಳಿಸಿದ್ದಳು. ಹದಿನೈದು ವರ್ಷದ ಅವಳ ಮಗ ಕಂಪ್ಯೂಟರ್ ಆಟವೊಂದರಲ್ಲಿ ಮದುವೆಯಾಗಿದ್ದಾನಂತೆ. ಆಟದೊಳಗೆ ಅವನಿಗೊಂದು ಮನೆ, ಮನೆಯಲ್ಲಿ ಹೆಂಡತಿ, ದತ್ತು ಪಡೆದ ಇಬ್ಬರು ಮಕ್ಕಳು. “ಟೀಚರ್, ಇದಕ್ಕೆ ನಗಬೇಕೋ ಹೆದರಬೇಕೋ ತಿಳಿಯುತ್ತಿಲ್ಲ. ನೀವೇ ಏನಾದರೂ ಬರೆಯಿರಿ” ಎಂಬುದು ಅವಳ ಕೋರಿಕೆ. ಸಂಧಿ ಸಮಾಸ ಕಲಿಸಿದವಳಿಗೆ ಇಂಥ ಪ್ರಶ್ನೆ ಹೊಸದು. ಆದರೆ ಬೇಸಿಗೆ ರಜೆಗೆ ಬಂದಿದ್ದ ನನ್ನ ಮೊಮ್ಮಗನೂ ಅದೇ ಆಟದವನು. ನಾಲ್ಕು ದಿನ ಅವನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತು ನೋಡಿದೆ, ಕೇಳಿ ತಿಳಿದೆ. ಅದರ ಫಲ ಈ ಬರಹ.

ಮೊದಲಿಗೆ ಒಂದು ಮಾತು. ಮನುಷ್ಯರಲ್ಲದವರಿಗೆ ಮದುವೆ ಮಾಡುವುದು ನಮಗೇನೂ ಹೊಸತಲ್ಲ. ಬಂಗಾರಪೇಟೆಯ ಸುತ್ತಮುತ್ತಲ ಹಳ್ಳಿಗಳ ಕಟ್ಟೆಗಳಲ್ಲಿ ಅರಳಿ ಗಂಡು, ಬೇವು ಹೆಣ್ಣು. ಅವೆರಡಕ್ಕೂ ಶಾಸ್ತ್ರೋಕ್ತವಾಗಿ ಮದುವೆ ಮಾಡಿಸಿದವರನ್ನು ನಾನು ಕಂಡಿದ್ದೇನೆ. ದೇವಸ್ಥಾನಗಳಲ್ಲಿ ದೇವರಿಗೆ ವರ್ಷವರ್ಷವೂ ಕಲ್ಯಾಣೋತ್ಸವ. ದಸರೆಯಲ್ಲಿ ಮೆಟ್ಟಿಲ ಮೇಲೆ ಮೊದಲು ಕೂರುವುದು ಪಟ್ಟದ ಗೊಂಬೆಗಳು, ಅಂದರೆ ರಾಜ ರಾಣಿಯರ ಜೋಡಿ. ಮದುವೆಯಾದ ಹೆಣ್ಣು ತವರಿನಿಂದ ಅವನ್ನು ತರುವ ಪದ್ಧತಿ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಇಂದಿಗೂ ಉಂಟು.

ಇವೆಲ್ಲಕ್ಕಿಂತ ಮಕ್ಕಳದೇ ಆದದ್ದು ಗೊಂಬೆ ಮದುವೆ. ನಮ್ಮ ಬಾಲ್ಯದಲ್ಲಿ ಒಂದು ಮನೆಯವಳದು ಹೆಣ್ಣು ಗೊಂಬೆ, ಇನ್ನೊಂದು ಬೀದಿಯವಳದು ಗಂಡು ಗೊಂಬೆ. ಬೆಲ್ಲ, ಹುರಿಗಡಲೆ ಕೂಡಿಸಿ ಊಟ. ತೆಂಗಿನ ಗರಿಯ ಚಪ್ಪರ. ಬೀಗರ ಉಪಚಾರ ಸಾಲದೆಂದು ಗಂಡಿನ ಕಡೆಯವರು ಮುನಿಸಿಕೊಳ್ಳಲೇಬೇಕು, ಹೆಣ್ಣಿನ ಕಡೆಯವರು ಸಮಾಧಾನ ಮಾಡಲೇಬೇಕು. ಎಲ್ಲ ಮುಗಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತಿತ್ತು. ನಿಯಮದಂತೆ ಹೆಣ್ಣು ಗೊಂಬೆ ಗಂಡಿನ ಮನೆಗೆ ಹೋಗಬೇಕು. ಎಷ್ಟೋ ಮದುವೆಗಳು ಅಲ್ಲಿಗೇ ಮುರಿದವು. ಸ್ವಂತ ಕೈಯಿಂದ ಚಿಂದಿ ಬಟ್ಟೆ ಸುತ್ತಿ ಮಾಡಿದ ಗೊಂಬೆಯನ್ನು ಇನ್ನೊಬ್ಬಳ ಮನೆಗೆ ಕಳಿಸಲಾರದೆ ಅತ್ತು ಓಡಿದವರಲ್ಲಿ ನಾನೂ ಒಬ್ಬಳು. ಹೆಣ್ಣು ಕೊಡುವುದೆಂದರೇನು ಎಂಬುದನ್ನು ನಾವು ಎಂಟು ವರ್ಷಕ್ಕೇ ಅಷ್ಟಿಷ್ಟು ತಿಳಿದದ್ದು ಹಾಗೆ. ಗೊಂಬೆ ಮದುವೆಯನ್ನು ಒಬ್ಬಳೇ ಆಡಲು ಬರುವುದಿಲ್ಲ. ಅದಕ್ಕೆ ಎರಡು ಮನೆ ಬೇಕು. ಮುಂದಿನ ಮಾತುಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡಿ.

ಇನ್ನು ಮೊಮ್ಮಗನ ಆಟ. ಅದರ ಹೆಸರು ಸ್ಕೈರಿಮ್, ಅಮೆರಿಕದ ಬೆಥೆಸ್ಡಾ ಸಂಸ್ಥೆ 2011ರಲ್ಲಿ ಹೊರತಂದದ್ದು. ನಮ್ಮ ಕೋಲಾರದ ಕಡೆಯ ಕೇಳಿಕೆಯಲ್ಲಿ ವೇಷ ಕಟ್ಟಿ ಅರ್ಜುನನಾಗುವಂತೆ, ಈ ಬಗೆಯ ಆಟಗಳಲ್ಲಿ ಆಡುವವನು ಒಂದು ಪಾತ್ರ ಧರಿಸಿ ಮಾಯಾಲೋಕದಲ್ಲಿ ಸಂಚರಿಸುತ್ತಾನೆ. ಹಿಮ ಬೀಳುವ ನಾಡು, ಬೆಂಕಿಯುಗುಳುವ ಡ್ರ್ಯಾಗನ್‌ಗಳು, ಹೆಜ್ಜೆಗೊಂದು ಗುಹೆ.

ಆ ನಾಡಿನ ರಿಫ್ಟನ್ ಎಂಬ ಊರಿನಲ್ಲಿ ಮಾರಾ ಎಂಬ ದೇವಿಯ ಗುಡಿಯಿದೆ. ಅಲ್ಲಿನ ಪೂಜಾರಿಗೆ 200 ಚಿನ್ನದ ನಾಣ್ಯ ಕೊಟ್ಟು ಪದಕವೊಂದನ್ನು ಕೊಂಡು ಕೊರಳಿಗೆ ಹಾಕಿಕೊಂಡರೆ ‘ನಾನು ಮದುವೆಗೆ ಸಿದ್ಧ’ ಎಂದು ಅರ್ಥ. ನಮ್ಮಲ್ಲಿ ಕೊರಳಿಗೆ ಬೀಳುವುದು ಮದುವೆಯಲ್ಲಿ, ಅಲ್ಲಿ ಮದುವೆಗೂ ಮೊದಲೇ. ಒಪ್ಪುವವರು ಅರವತ್ತಕ್ಕೂ ಹೆಚ್ಚು ಮಂದಿ ಇದ್ದಾರೆ. ಅವರಿಗೆ ಮೊದಲು ಏನಾದರೂ ಉಪಕಾರ ಮಾಡಿರಬೇಕು. ಗಂಡು ಹೆಣ್ಣೆಂಬ ಕಟ್ಟಳೆಯಿಲ್ಲದೆ ಯಾರು ಯಾರನ್ನಾದರೂ ವರಿಸಬಹುದು. ಜಾತಕವಿಲ್ಲ, ಛತ್ರಕ್ಕೆ ಮುಂಗಡವಿಲ್ಲ. ಮಾರನೆಯ ದಿನವೇ ಮದುವೆ. ಬಳಿಕ ಬಿಡುಗಡೆಯ ದಾರಿಯೂ ಇಲ್ಲ, ಆ ಆಟದಲ್ಲಿ ವಿಚ್ಛೇದನವನ್ನೇ ಬರೆದಿಲ್ಲ.

ಮದುವೆಯಾದರೆ ಏನು ಸಿಗುತ್ತದೆ ಎಂಬುದಕ್ಕೆ ಪಟ್ಟಿಯೇ ಉಂಟು. ಸಂಗಾತಿ ದಿನಕ್ಕೊಮ್ಮೆ ಅಡಿಗೆ ಮಾಡಿ ಕೊಡುತ್ತಾಳೆ. ಅದನ್ನು ಉಂಡರೆ ಕೆಲಹೊತ್ತು ದೇಹಬಲ ಬೇಗ ಚೇತರಿಸುತ್ತದೆ. ಅಂಗಡಿಯಿಟ್ಟು ದಿನಕ್ಕೆ 100 ನಾಣ್ಯ ಲಾಭದ ಪಾಲು ಕೊಡುತ್ತಾಳೆ. ಅವಳಿರುವ ಮನೆಯಲ್ಲಿ ಮಲಗಿ ಎದ್ದರೆ ಎಂಟು ಗಂಟೆಗಳ ಕಾಲ ಯಾವ ವಿದ್ಯೆಯೇ ಆದರೂ ಶೇ. 15ರಷ್ಟು ಬೇಗ ಕೈಗೂಡುತ್ತದೆ. ಇದನ್ನು ಕೇಳಿ ನಾನು ಜೋರಾಗಿ ನಕ್ಕೆ. ಸಂಸಾರದ ಸುಖವನ್ನು ಶೇಕಡಾವಾರು ಲೆಕ್ಕದಲ್ಲಿ ನಾನು ಕಂಡದ್ದು ಅದೇ ಮೊದಲು.

ಆದರೆ ಮೊಮ್ಮಗ ನಗಲಿಲ್ಲ. “ಅಜ್ಜೀ, ಇದಕ್ಕೆ ಮುಂಚೆ ನನಗೆ ಈ ಆಟದಲ್ಲಿ ಮೂರು ಮನೆ ಇದ್ದವು. ಸಾಮಾನು ಇಡುವುದಕ್ಕೆ ಹೋಗುತ್ತಿದ್ದೆ ಅಷ್ಟೆ. ಈಗ ಮನೆಗೆ ಹೋಗಬೇಕು ಅನ್ನಿಸುತ್ತದೆ” ಎಂದ. ಹದಿನಾರರ ಹುಡುಗನ ಬಾಯಲ್ಲಿ ಆ ಮಾತು ಕೇಳಿ ನಾನು ಸುಮ್ಮನಾದೆ. ತಾಯಿತಂದೆ ಇಬ್ಬರೂ ರಾತ್ರಿ ಎಂಟಕ್ಕೆ ಮನೆ ಸೇರುವ ಊರಿನಲ್ಲಿ ಬೆಳೆದವನು ಅವನು. ಬಾಗಿಲು ತೆಗೆದರೆ ಒಬ್ಬರು ಒಳಗಿದ್ದು ‘ಬಂದೆಯಾ’ ಎನ್ನುವುದರ ಬೆಲೆ ಅವನಿಗೆ ಗೊತ್ತು. ಆದ್ದರಿಂದ ಇದನ್ನು ಬರೀ ಹುಚ್ಚಾಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ.

ಮೂರನೆಯ ದಿನ ಅವನು ಒಂದು ಗಣಿಯೊಳಗೆ ಇಳಿದ. ಗುದ್ದಲಿಯಲ್ಲಿ ಗೋಡೆಗೆ ಹೊಡೆದರೆ ಚಿನ್ನದ ಅದಿರು ಉದುರುತ್ತದೆ. ಎರಡು ತುಂಡು ಅದಿರಿಗೆ ಒಂದು ಚಿನ್ನದ ಗಟ್ಟಿ! ನಮ್ಮ ಕೆಜಿಎಫ್ ಗಣಿಗಳಲ್ಲಿ ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಮೇಲೆ 2001ರವರೆಗೆ ಆ ನೆಲದಿಂದ ತೆಗೆದ ಚಿನ್ನ ಸುಮಾರು 800 ಟನ್. ಅದಕ್ಕಾಗಿ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. ಆ ಆಳದಲ್ಲಿ ಕಲ್ಲು ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಆಗ ನಾನು ಕೇಳಿದೆ: “ನಿನ್ನ ಹೆಂಡತಿ ಎಲ್ಲಿ? ಜೊತೆಗೆ ಬರಬಾರದೇ?”

ಬರಬಹುದಂತೆ. ಲಿಡಿಯಾ ಎಂಬ ಅಂಗರಕ್ಷಕಿಯನ್ನು ಅವನು ಮದುವೆಯಾಗಿದ್ದ. ಮೊದಲು ಅವಳು ಕತ್ತಿ ಹಿಡಿದು ಇವನ ಜೊತೆ ಎಲ್ಲೆಡೆ ಬರುತ್ತಿದ್ದವಳು. “ಕರೆದುಕೊಂಡು ಬಂದರೆ ಸತ್ತುಹೋಗಬಹುದು ಅಜ್ಜೀ. ಸತ್ತರೆ ತಿರುಗಿ ಬರುವುದಿಲ್ಲ, ಹಳೆಯ ‘ಸೇವ್’ಗೆ ಹಿಂದಿರುಗಬೇಕು. ಅದಕ್ಕೇ ಮನೆಯಲ್ಲಿ ಬಿಟ್ಟಿದ್ದೇನೆ.”

“ಅವಳನ್ನು ಕೇಳಿದೆಯಾ?”

ಮೊಮ್ಮಗ ನನ್ನ ಮುಖ ನೋಡಿದ. “ಕೇಳುವುದಕ್ಕೆ ಅಲ್ಲಿ ಆಪ್ಷನ್ ಇಲ್ಲ” ಎಂದ.

ಅಂದು ರಾತ್ರಿ ನನಗೆ ಊರ್ಮಿಳೆಯ ನೆನಪಾಯಿತು. ನಮ್ಮ ಮಹಾಕಾವ್ಯದಲ್ಲಿ ಎರಡು ಬಗೆಯ ಹೆಂಡತಿಯರಿದ್ದಾರೆ. ಸೀತೆ ವಾದ ಮಾಡಿ, ಗೆದ್ದು, ಕಾಡಿಗೆ ಜೊತೆಯಾದವಳು. ಊರ್ಮಿಳೆ ಅಯೋಧ್ಯೆಯಲ್ಲಿ ಉಳಿದವಳು. ಕಾವ್ಯ ರಾಮಲಕ್ಷ್ಮಣರ ಹಿಂದೆಯೇ ಹೋಗುತ್ತದೆ; ಉಳಿದವಳ ಹದಿನಾಲ್ಕು ವರ್ಷ ಅದರ ಕಣ್ಣಿಗೆ ಬೀಳುವುದಿಲ್ಲ. ಆ ಕೊರತೆಯನ್ನು ತುಂಬಿದವರು ಹೆಂಗಸರು. ತೆಲುಗು ಹೆಂಗಸರ ಹಾಡುಗಳಲ್ಲಿ ಊರ್ಮಿಳೆ ಆ ಹದಿನಾಲ್ಕು ವರ್ಷವೂ ನಿದ್ರಿಸುತ್ತಾಳೆ. ಆಟದಲ್ಲಿ ಮನೆಯಲ್ಲುಳಿದ ಲಿಡಿಯಾಳ ಪಾಡೂ ಹೆಚ್ಚುಕಡಿಮೆ ಅದೇ. ನಾಯಕ ದೂರವಿರುವಾಗ ಯಂತ್ರ ಅವಳ ದಿನಗಳನ್ನು ಬರೀ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ: ದಿನಕ್ಕೆ ನೂರು ನಾಣ್ಯ, ಒಂದು ಊಟ. ಅವನು ಬಾಗಿಲು ತೆರೆದಾಗ ಅವಳಿಗೆ ಮಾತು ಬರುತ್ತದೆ.

ಇದು ನನ್ನನ್ನು ಏಕೆ ಅಷ್ಟು ತಟ್ಟಿತೆಂದರೆ, ನಾನು ಗಣಿಗೆ ಇಳಿದವರ ಹೆಂಡತಿ. 1974ರಲ್ಲಿ ಮದುವೆಯಾಗಿ ಊರ್ಗಾಂ ಬಳಿಯ ಲೈನು ಮನೆಗೆ ಬಂದೆ. ನಮ್ಮ ಯಜಮಾನರು ಭೂಮಿಯೊಳಗಿನ ಪಂಪುಗಳ ವಿದ್ಯುತ್ ಕೆಲಸದವರು, ಮೂರು ಪಾಳಿ. ನಾನು ಶಾಲೆಗೆ ಬಂಗಾರಪೇಟೆಗೆ ರೈಲಿನಲ್ಲಿ ಹೋಗಿ ಬರುವವಳು. ಮಾರಿಕುಪ್ಪಂನಿಂದ ಬರುವ ಆ ಕವಲು ಮಾರ್ಗ 1894ರದು. ನನ್ನ ಅರ್ಧ ಆಯುಸ್ಸು ಅದರ ಮೇಲೆ ಸವೆದಿದೆ. ರಾತ್ರಿ ಪಾಳಿ ಮುಗಿಸಿ ಅವರು ಬರುವ ಹೊತ್ತಿಗೆ ನಾನು ಹೊರಡಲು ಸಿದ್ಧಳಾಗಿರುತ್ತಿದ್ದೆ. ಎಷ್ಟೋ ವಾರಗಳಲ್ಲಿ ನಾವು ದಿನಕ್ಕೆ ಮುಕ್ಕಾಲು ಗಂಟೆಯಷ್ಟೇ ಮುಖಾಮುಖಿ.

ಕಾಯುವುದೆಂದರೇನೆಂದು ಗಣಿಯೂರಿನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ಆಳದಲ್ಲಿ ಒತ್ತಡಕ್ಕೆ ಕಲ್ಲು ಸಿಡಿದಾಗ ಮೇಲೆ ನಮ್ಮ ಮನೆಯ ಪಾತ್ರೆಗಳು ಗಲಗುಟ್ಟುತ್ತಿದ್ದವು. ಅದಕ್ಕೆ ‘ರಾಕ್ ಬರ್ಸ್ಟ್’ ಎನ್ನುತ್ತಿದ್ದರು. ಆ ಇಂಗ್ಲಿಷ್ ಪದ ಅಕ್ಷರ ಬಾರದ ಅಜ್ಜಿಯರಿಗೂ ಗೊತ್ತಿತ್ತು. ಕನ್ನಡ, ತಮಿಳು, ತೆಲುಗು ಯಾವ ಮನೆಯೇ ಆಗಲಿ, ಆ ಕ್ಷಣ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರೂ ಮಾತನಾಡುತ್ತಿರಲಿಲ್ಲ. ಯಾರ ಮನೆಯವರು ಯಾವ ಪಾಳಿ ಎಂದು ಪ್ರತಿಯೊಬ್ಬರ ಮನಸ್ಸೂ ಲೆಕ್ಕ ಹಾಕುತ್ತಿತ್ತು. ಸುದ್ದಿ ಬಂದ ಮೇಲೆ ಉಳಿದವರು ಒಲೆಯ ಕಡೆ ತಿರುಗುತ್ತಿದ್ದರು. ‘ಹಳೆಯ ಸೇವ್‌ಗೆ ಹಿಂದಿರುಗುವುದು’ ಎಂದು ಮೊಮ್ಮಗ ಎಷ್ಟು ಸರಾಗವಾಗಿ ಹೇಳಿದ!

ಆದರೆ ಈ ಕಾಯುವಿಕೆ ಒಂದೇ ಕಡೆಯದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಪಾಳಿ ಮುಗಿಸಿ ಬಂದು, ನಿದ್ದೆಗಣ್ಣಿನಲ್ಲೇ ಉಪ್ಪಿಟ್ಟು ಕೆದಕಿ, ನನ್ನ ಬುತ್ತಿಗೆ ತುಂಬಿ ಕೊಡುತ್ತಿದ್ದವರು ಅವರೇ. ಮಳೆಗಾಲದ ಸಂಜೆ ರೈಲು ತಡವಾದರೆ ಕೊಡೆ ಹಿಡಿದು ನಿಲ್ದಾಣದಲ್ಲಿ ನಿಂತಿರುತ್ತಿದ್ದರು. ನಾವು ಜಗಳವನ್ನೂ ಚೆನ್ನಾಗಿಯೇ ಆಡಿದೆವು. 1990ರ ದಶಕದಲ್ಲಿ ಗಣಿ ಮುಚ್ಚುವ ಮಾತು ದಟ್ಟವಾದಾಗ, ಎಲ್ಲ ಬಿಟ್ಟು ಬೆಂಗಳೂರಿಗೆ ಹೋಗೋಣವೆಂದು ಅವರು ಹಟ ಹಿಡಿದರು. ನನ್ನ ಶಾಲೆ ಇಲ್ಲಿದೆ, ನಾನು ಬರುವುದಿಲ್ಲವೆಂದೆ. ಹತ್ತು ದಿನ ಮಗಳ ಮೂಲಕವೇ ನಮ್ಮ ಮಾತುಕತೆ: “ನಿಮ್ಮಮ್ಮನಿಗೆ ಹೇಳು, ಸೀಮೆಎಣ್ಣೆ ಮುಗಿದಿದೆ.” ಹನ್ನೊಂದನೆಯ ದಿನ ಅವರು ಏನೂ ಆಗದವರಂತೆ ನನ್ನ ಬುತ್ತಿ ತುಂಬಿಟ್ಟಿದ್ದರು. ಯಾರು ಸೋತರು, ಯಾರು ಗೆದ್ದರು ಎಂದು ನಾವಿಬ್ಬರೂ ಕೊನೆಯವರೆಗೆ ಬಾಯಿಬಿಟ್ಟು ಹೇಳಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಅವರು ಏಳು ವರ್ಷ, ಸಾವಿರಾರು ಜನರಂತೆ, ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋದರು. ಬೆಳಗಿನ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟುವ ಸರದಿ ನನ್ನದಾಯಿತು.

ಈ ಮದುವೆಯನ್ನು ಆ ಆಟದ ಲೆಕ್ಕಕ್ಕೆ ಹಾಕಿದರೆ ಏನು ಉಳಿಯುತ್ತದೆ? ಊಟ ಉಳಿಯುತ್ತದೆ, ಸಂಬಳ ಉಳಿಯುತ್ತದೆ. ‘ನಾನು ಬರುವುದಿಲ್ಲ’ ಎಂದದ್ದು ಉಳಿಯುವುದಿಲ್ಲ. ಹನ್ನೊಂದನೆಯ ದಿನದ ಬುತ್ತಿಯ ರುಚಿ ಆ ಹತ್ತು ದಿನಗಳ ಮೌನವಿಲ್ಲದೆ ಬರುವಂಥದ್ದೂ ಅಲ್ಲ.

ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮೊಮ್ಮಗನನ್ನೂ ಅವನ ಸ್ನೇಹಿತರನ್ನೂ ಕೇಳಿ ಇನ್ನೂ ಕೆಲವನ್ನು ತಿಳಿದೆ. ಜಪಾನಿನಲ್ಲಿ 1992ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಸರಣಿಯ ಐದನೆಯ ಆಟದಲ್ಲಿ ನಾಯಕ ಬಾಲ್ಯದ ಗೆಳತಿ ಬಿಯಾಂಕಾ, ಸಿರಿವಂತರ ಮಗಳು ಫ್ಲೋರಾ ಇವರಲ್ಲಿ ಒಬ್ಬಳನ್ನು ಆರಿಸಬೇಕು. ಮದುವೆಗೆ ಮುಂಚಿನ ರಾತ್ರಿ ಅವನಿಗೆ ನಿದ್ದೆ ಬಾರದು. ಮುಂದೆ ಅವಳಿ ಮಕ್ಕಳು ಹುಟ್ಟುತ್ತಾರೆ, ಗಂಡ ಹೆಂಡತಿ ಇಬ್ಬರೂ ಶಾಪಗ್ರಸ್ತರಾಗಿ ಕಲ್ಲಾಗುತ್ತಾರೆ, ವರ್ಷಗಳು ಉರುಳಿ ಮಕ್ಕಳೇ ಬಂದು ತಂದೆಯನ್ನು ಎಬ್ಬಿಸುತ್ತಾರೆ, ಆಮೇಲೆ ತಾಯಿಯನ್ನು ಹುಡುಕುತ್ತಾರೆ. ಅಹಲ್ಯೆಯ ಕಥೆ ಕೇಳಿ ಬೆಳೆದ ನಮಗೆ ಇದು ಪರಕೀಯವೆನಿಸದು. ಲೋಕವನ್ನು ಉಳಿಸುವ ವೀರ ಇಲ್ಲಿ ನಾಯಕನಲ್ಲ, ಅವನ ಮಗ. ಇಲ್ಲಿ ಮದುವೆಯಿಂದ ಬಂದದ್ದು ಸಂತಾನ ಮತ್ತು ಕಾಲ, ಶೇಕಡಾ ಲೆಕ್ಕವಲ್ಲ.

1998ರ ಬಾಲ್ಡರ್ಸ್ ಗೇಟ್ ಎಂಬ ಆಟದಲ್ಲಿ ಖಾಲಿದ್ ಮತ್ತು ಜಹೀರಾ ಎಂಬ ದಂಪತಿ ನಾಯಕನ ತಂಡ ಸೇರುತ್ತಾರೆ. ಗಂಡನನ್ನು ತಂಡದಿಂದ ಹೋಗೆಂದರೆ ಹೆಂಡತಿಯೂ ಹೊರಟುಬಿಡುತ್ತಾಳೆ. ಹೆಂಡತಿಯನ್ನು ಕಳಿಸಿದರೆ ಗಂಡನೂ ಅಷ್ಟೇ. ಆಡುವವನ ಅನುಕೂಲಕ್ಕೆ ಅವರು ಬೇರೆಯಾಗುವುದಿಲ್ಲ. 2000ದಲ್ಲಿ ಬಂದ ಎರಡನೆಯ ಭಾಗದ ಮೊದಲಲ್ಲೇ ಖಾಲಿದ್ ಸತ್ತಿರುವುದು ತಿಳಿಯುತ್ತದೆ, ಜಹೀರಾ ದುಃಖಿಸುತ್ತಾಳೆ. ಸೀತೆಯಂತೆ ಜೊತೆ ನಡೆದವಳು ಇವಳು. ನಾನು ಕೇಳಿದ ಆಟದ ಮದುವೆಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ. ಇದು ಆಡುವವನ ಮದುವೆಯೇ ಅಲ್ಲ ಎಂಬುದನ್ನು ಗಮನಿಸಿ.

ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಒಬ್ಬನೇ ಕುಳಿತು ತಯಾರಿಸಿ 2016ರಲ್ಲಿ ಬಿಡುಗಡೆ ಮಾಡಿದ ಸ್ಟಾರ್ಡ್ಯೂ ವ್ಯಾಲಿ ಬೇಸಾಯದ ಆಟ. ಇದರಲ್ಲಿ ವರಿಸಬಹುದಾದವರು ಹನ್ನೆರಡು ಮಂದಿ. ದಿನದಿನವೂ ಮಾತನಾಡಿಸಿ, ಅವರಿಗೆ ಇಷ್ಟವಾದದ್ದನ್ನು ಕೊಟ್ಟು, ಹೃದಯದ ಚಿಹ್ನೆಗಳನ್ನು ತುಂಬಿಸಬೇಕು. ಮದುವೆಯಾದ ಮೇಲೆ ಸಂಗಾತಿ ಕೆಲವು ಬೆಳಿಗ್ಗೆ ಗಿಡಗಳಿಗೆ ನೀರು ಹಾಕಿರುತ್ತಾರೆ. ಇಲ್ಲಿ ವಿಚ್ಛೇದನವುಂಟು, ಅದಕ್ಕೆ 50,000 ನಾಣ್ಯ. ಇನ್ನೂ 30,000 ಕೊಟ್ಟರೆ ಬಿಟ್ಟುಹೋದವರ ನೆನಪಿನಿಂದ ಆ ಮದುವೆಯನ್ನೇ ಅಳಿಸಿಬಿಡಬಹುದು. ಇದನ್ನು ಕೇಳಿದಾಗ ನನ್ನ ಮೈ ಜುಂ ಎಂದಿತು. ತನಗೆ ಬೇಡವಾದದ್ದನ್ನು ತಾನು ಮರೆಯುವುದು ಸಾಲದೆಂದು ಇನ್ನೊಬ್ಬರ ನೆನಪನ್ನೂ ಕೊಳ್ಳುವುದು!

ಅದೇ ಆಟಕ್ಕೆ 2018ರಲ್ಲಿ ಹಲವರು ಕೂಡಿ ಆಡುವ ಸೌಕರ್ಯ ಬಂತು. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ, ಅವಳ ಗಂಡ ಕೆಲಸದ ನಿಮಿತ್ತ ಎರಡು ವರ್ಷ ಜರ್ಮನಿಯಲ್ಲಿ. ಭಾನುವಾರಗಳಂದು ಇಬ್ಬರೂ ಆ ಹೊಲದಲ್ಲಿ ಕೂಡುತ್ತಿದ್ದರಂತೆ. ಹೊಲ ಒಂದೇ, ಹಣದ ಪೆಟ್ಟಿಗೆಯೂ ಒಂದೇ. ಅಡಿಗೆಮನೆ ಕಟ್ಟಿಸಲೆಂದು ಅವಳು ಕೂಡಿಟ್ಟ ಹಣದಲ್ಲಿ ಅವನು ಹೇಳದೆ ಕೇಳದೆ ಹಸು ಕೊಂಡುಬಿಟ್ಟ. ಆ ಜಗಳ ಫೋನಿನಲ್ಲಿ ಎರಡು ದಿನ ನಡೆಯಿತು! ಇನ್ನೊಂದು ನಿಯಮವನ್ನು ಅವಳು ಹೇಳಿದಳು: ಒಬ್ಬರು ಮೊದಲೇ ಹಾಸಿಗೆ ಸೇರಿದರೂ, ಇನ್ನೊಬ್ಬರು ಕೆಲಸ ಮುಗಿಸಿ ಬಂದು ಮಲಗುವವರೆಗೆ ಆ ದಿನ ಮುಗಿಯುವುದಿಲ್ಲ. “ದೊಡ್ಡಮ್ಮಾ, ನಾನು ಹಾಸಿಗೆಯಲ್ಲಿ ಕಾಯುತ್ತಿರುತ್ತಿದ್ದೆ, ಅವರು ಇನ್ನೂ ಮೀನು ಹಿಡಿಯುತ್ತಿರುತ್ತಿದ್ದರು” ಎಂದು ನಕ್ಕಳು. ಎರಡು ಮನೆಯ ಗೊಂಬೆ ಮದುವೆ ಇದೇ ಅಲ್ಲವೇ? ಆಟ ಯಂತ್ರದ್ದಾದರೂ ಆಚೆ ತುದಿಯಲ್ಲಿ ಮುನಿಯುವ, ಕಾಯಿಸುವ, ಒಲ್ಲೆ ಎನ್ನುವ ಜೀವವೊಂದಿತ್ತು.

ಈಗ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಉತ್ತರ. ಮಗಳೇ, ನಿನ್ನ ಮಗ ಆಟದಲ್ಲಿ ಮದುವೆಯಾದನೆಂದು ಹೆದರಬೇಡ. ಮನೆ ಬೇಕು, ಮನೆಯಲ್ಲೊಬ್ಬರು ಬೇಕು ಎಂಬ ಆಸೆ ಒಳ್ಳೆಯ ಆಸೆಯೇ. ಓದು, ನಿದ್ದೆ, ಊಟದ ಹೊತ್ತು ತಪ್ಪದಂತೆ ಮಾತ್ರ ನೋಡಿಕೋ. ಅವನನ್ನು ಗದರಿಸುವ ಬದಲು ಒಂದು ದಿನ ಪಕ್ಕದಲ್ಲಿ ಕುಳಿತು, ‘ನೀನು ಊರೂರು ತಿರುಗುವಾಗ ಅವಳು ಇಡೀ ದಿನ ಏನು ಮಾಡುತ್ತಾಳೆ?’ ಎಂದು ಕೇಳು. ನನ್ನ ಮೊಮ್ಮಗ ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಯೋಚಿಸಿ, “ಗೊತ್ತಿಲ್ಲ ಅಜ್ಜೀ” ಎಂದ. ಆಮೇಲೆ ಅವನೇ ತಿರುಗಿ ಕೇಳಿದ: “ತಾತ ಗಣಿಯೊಳಗೆ ಇದ್ದಾಗ ನೀವು ಏನು ಮಾಡುತ್ತಿದ್ದಿರಿ?” ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು, ಮನೆಯಲ್ಲಿ ಅದನ್ನು ಕೇಳಿದವರು ಯಾರೂ ಇರಲಿಲ್ಲ. ಕಂಪ್ಯೂಟರ್ ಹಾಗೆಯೇ ಉರಿಯುತ್ತಿತ್ತು. ನಾನು ರಾತ್ರಿ ಹತ್ತರವರೆಗೆ ಅವನಿಗೆ ಹೇಳುತ್ತಾ ಕುಳಿತೆ.

ನಿಮ್ಮಲ್ಲಿ ಗಣಿ ಲೈನುಗಳಲ್ಲಿ ಬೆಳೆದವರು ಅನೇಕರಿದ್ದೀರಿ. ನಿಮ್ಮ ತಾಯಂದಿರನ್ನು ಇದೇ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಬರೆದು ಕಳಿಸಿ. ಗೊಂಬೆ ಮದುವೆಯ ನೆನಪಿದ್ದವರು ಅದನ್ನೂ ಬರೆಯಿರಿ. ಕಾಗುಣಿತ ತಿದ್ದುವ ಹಳೆಯ ಚಟ ನನಗಿನ್ನೂ ಬಿಟ್ಟಿಲ್ಲ, ಅದಕ್ಕೆ ಹೆದರಬೇಡಿ.

ನಿಮ್ಮ ಟೀಚರ್